ಬುಲೆಟಿನ್ನಿಗೆ ಸಿಗದವರ ಲೆಕ್ಕ

2020ರ ಜೂನ್ 5ರಂದು ರಾಜ್ಯದಲ್ಲಿ ಪತ್ತೆಯಾದ 515 ಹೊಸ ಕೋವಿಡ್ ಪ್ರಕರಣಗಳಲ್ಲಿ 204 ಉಡುಪಿ ಜಿಲ್ಲೆಯವು. ಉಡುಪಿಯವರು ಎಂದರೆ ಜನ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ ದಿನಗಳವು. ಪಾಸಿಟಿವ್ ಆದವರಲ್ಲಿ ಬಹುಪಾಲು ಮಂದಿ ಮಹಾರಾಷ್ಟ್ರದಿಂದ ಊರಿಗೆ ಮರಳಿದವರು. ಅವರಲ್ಲಿ ಹೆಚ್ಚಿನವರಿಗೆ ಜ್ವರವೂ ಇರಲಿಲ್ಲ, ಕೆಮ್ಮೂ ಇರಲಿಲ್ಲ. ಕ್ವಾರಂಟೈನ್‌ನಲ್ಲಿದ್ದವರನ್ನು ಹುಡುಕಿ ಹುಡುಕಿ ಗಂಟಲ ದ್ರವ ತೆಗೆದದ್ದರಿಂದ ಲೆಕ್ಕಕ್ಕೆ ಸಿಕ್ಕರು. ಹಾಗೆ ಹುಡುಕದ ಊರುಗಳು ಪಟ್ಟಿಯ ಕೆಳಗೆ ನೆಮ್ಮದಿಯಾಗಿ ಉಳಿದವು.

ಹಾಗಾದರೆ ನಿಜವಾಗಿ ಸೋಂಕು ತಗುಲಿದವರೆಷ್ಟು? ಇದಕ್ಕೆ ಉತ್ತರ ಹುಡುಕುವುದೇ ಸೆರೋ ಸಮೀಕ್ಷೆ. ಗಂಟಲ ದ್ರವದಲ್ಲಿ ವೈರಸ್ ಕೆಲವೇ ದಿನ ಸಿಗುತ್ತದೆ. ಆದರೆ ಅದು ಬಂದು ಹೋದ ಗುರುತಾಗಿ ರಕ್ತದಲ್ಲಿ ಪ್ರತಿಕಾಯ ತಿಂಗಳುಗಟ್ಟಲೆ ಉಳಿಯುತ್ತದೆ. ಒಂದಿಷ್ಟು ಜನರ ರಕ್ತ ನೋಡಿ ಇಡೀ ಜಿಲ್ಲೆಯನ್ನು ಅಂದಾಜು ಮಾಡಬಹುದು.

ಉಪಾಯ ಹಳೆಯದು. 1952ರಲ್ಲಿ ಪುಣೆಯಲ್ಲಿ ಆರಂಭವಾದ ವೈರಸ್ ಸಂಶೋಧನಾ ಕೇಂದ್ರ ಮೊದಲ ವರ್ಷಗಳಲ್ಲೇ ದೇಶದ ನಾನಾ ಕಡೆಯ ಜನರ ರಕ್ತವನ್ನು ಹೀಗೆ ಪರೀಕ್ಷಿಸಿತ್ತು. ಸೌರಾಷ್ಟ್ರದ ಕೆಲವರಲ್ಲಿ, ರಷ್ಯಾದಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಹೊಂದುವ ಪ್ರತಿಕಾಯ ಸಿಕ್ಕಿತು. 1957ರಲ್ಲಿ ಶಿವಮೊಗ್ಗದ ಕ್ಯಾಸನೂರಿನಲ್ಲಿ ಪತ್ತೆಯಾಗಿ, 1982-83ರಲ್ಲಿ ಬೆಳ್ತಂಗಡಿಯ ಕಾಡಂಚನ್ನು ಕಾಡಿದ ಮಂಗನ ಕಾಯಿಲೆಯ ವೈರಸ್ ಅದೇ ಕುಟುಂಬದ್ದು. ಸೌರಾಷ್ಟ್ರದ ಪ್ರತಿಕಾಯ ಅಣ್ಣನದೋ ತಮ್ಮನದೋ ಎಂದು ರಕ್ತ ನೋಡಿ ಖಚಿತವಾಗಿ ಹೇಳುವಂತಿರಲಿಲ್ಲ. ಈ ಗೊಂದಲ ಇಂದಿಗೂ ಪ್ರತಿಕಾಯ ಪರೀಕ್ಷೆಯ ಬೆನ್ನು ಬಿಟ್ಟಿಲ್ಲ.

ಕೋವಿಡ್ ಕಾಲದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ನಾಲ್ಕು ರಾಷ್ಟ್ರೀಯ ಸುತ್ತುಗಳಲ್ಲಿ ಪ್ರತಿಕಾಯ ಸಿಕ್ಕವರ ಪ್ರಮಾಣ ಶೇ 0.73ರಿಂದ 67.6ಕ್ಕೆ ಏರಿತು. ಮೊದಲ ಸುತ್ತಿನಂಥ ಸಣ್ಣ ಸಂಖ್ಯೆಯಲ್ಲಿ ಪರೀಕ್ಷಾ ಕಿಟ್ಟಿನ ತಪ್ಪೂ ದೊಡ್ಡದೇ. ಸಾವಿರ ಜನರಲ್ಲಿ ಏಳು ಮಂದಿಗೆ ಸೋಂಕು ತಗುಲಿದೆ ಎಂದುಕೊಳ್ಳಿ. ಸೋಂಕೇ ತಗುಲದ ನೂರು ಜನರಲ್ಲಿ ಒಬ್ಬರನ್ನು ಕಿಟ್ ತಪ್ಪಾಗಿ ಪಾಸಿಟಿವ್ ಎಂದರೂ, ಹುಸಿ ಪಾಸಿಟಿವ್ ಹತ್ತಾಗಿ ನಿಜವಾದ ಏಳನ್ನು ಮೀರಿಸುತ್ತದೆ. ಇದನ್ನು ಕಳೆಯಲು ಸೂತ್ರಗಳಿವೆ. ಕಳೆದ ಮೇಲೂ ಉಳಿಯುವುದು ಒಂದು ವ್ಯಾಪ್ತಿ, ಒಂಟಿ ಅಂಕಿಯಲ್ಲ.

ನಮ್ಮ ರಾಜ್ಯದ ಮೊದಲ ಸಮೀಕ್ಷೆ ನಡೆದದ್ದು 2020ರ ಸೆಪ್ಟೆಂಬರಿನಲ್ಲಿ. ಫಲಿತಾಂಶ ಹೊರಬಿದ್ದದ್ದು ನವೆಂಬರಿನಲ್ಲಿ. 15,624 ಜನರ ಮಾದರಿಯಿಂದ ಶೇ 27.3, ಅಂದರೆ ಸುಮಾರು 1.93 ಕೋಟಿ ಜನರಿಗೆ ಸೋಂಕು ತಗುಲಿದೆ ಎಂಬ ಅಂದಾಜು ಬಂತು. ಪತ್ತೆಯಾದ ಒಬ್ಬರಿಗೆ ಪತ್ತೆಯಾಗದವರು ಸುಮಾರು ನಲವತ್ತು ಮಂದಿ! ಪತ್ರಿಕೆಗಳ ತಲೆಬರಹಕ್ಕೆ ಹೋದದ್ದು ಇಷ್ಟೇ. ಆ 27.3ರಲ್ಲಿ ಪ್ರತಿಕಾಯ ಇದ್ದವರ ಪಾಲು 16.4 ಮಾತ್ರ, ಉಳಿದವರು ಪರೀಕ್ಷೆಯ ಹೊತ್ತಿನಲ್ಲಿ ಸೋಂಕು ಹೊತ್ತಿದ್ದವರು. ಐಸಿಎಂಆರ್ ಆಯ್ದ ಊರು, ವಾರ್ಡುಗಳಲ್ಲಿ ಮನೆ ಮನೆಗೆ ಹೋಗಿ ಮಾದರಿ ತೆಗೆದಿತ್ತು. ಇಲ್ಲಿ ತಪಾಸಣೆಗೆ ಬಂದ ಗರ್ಭಿಣಿಯರು, ಹೊರರೋಗಿಗಳು, ಬಸ್ ಕಂಡಕ್ಟರುಗಳು, ಪೌರಕಾರ್ಮಿಕರು, ಹಿರಿಯರು ಹೀಗೆ ಗುಂಪು ಗುಂಪಾಗಿ ಆರಿಸಲಾಗಿತ್ತು. ತಪ್ಪೇನಿಲ್ಲ, ಆದರೆ ಊರೆಂದರೆ ಅವರಷ್ಟೇ ಅಲ್ಲ.

ಇನ್ನು ಜಿಲ್ಲೆಗೆ ದಕ್ಕಿದ ಮಾದರಿ ಸರಾಸರಿ ನಾನೂರು ಚಿಲ್ಲರೆ. ಅಷ್ಟರಲ್ಲಿ ಅಂದಾಜು ಶೇಕಡಾ ನಾಲ್ಕರಷ್ಟು ಆಚೀಚೆ ಆಗುವುದು ಸಹಜ. 2011ರ ಜನಗಣತಿಯಂತೆ 11.77 ಲಕ್ಷ ಜನರಿರುವ ಉಡುಪಿಗೆ ಅದು ಸುಮಾರು 47 ಸಾವಿರ ಜನರ ವ್ಯತ್ಯಾಸ. ಜಿಲ್ಲೆ ಜಿಲ್ಲೆಗಳನ್ನು ಪಕ್ಕಪಕ್ಕ ಇಟ್ಟು ಯಾರು ಮೇಲೆ, ಯಾರು ಕೆಳಗೆ ಎಂದು ನಾವು ಹೋಲಿಸಿದಾಗ ಈ ವ್ಯತ್ಯಾಸವನ್ನು ಯಾರೂ ಎತ್ತಲಿಲ್ಲ. ಅದು ನನ್ನನ್ನು ಈಗಲೂ ನೋಯಿಸುತ್ತದೆ.

ಪ್ರತಿಕಾಯ ಇದ್ದರೆ ರಕ್ಷಣೆ ಸಿಕ್ಕಿತು ಎಂಬ ನಂಬಿಕೆ ಇನ್ನೂ ಅಪಾಯದ್ದು. ಬ್ರೆಜಿಲ್‌ನ ಮನೌಸ್ ನಗರದಲ್ಲಿ 2020ರ ಅಕ್ಟೋಬರ್ ಹೊತ್ತಿಗೆ ಶೇ 76 ಜನರಿಗೆ ಸೋಂಕು ತಗುಲಿದೆ ಎಂಬ ಅಂದಾಜಿತ್ತು. ಜನವರಿಯಲ್ಲಿ ಅಲ್ಲಿನ ಆಸ್ಪತ್ರೆಗಳಲ್ಲಿ ಆಮ್ಲಜನಕವೇ ಮುಗಿಯಿತು. ಏಪ್ರಿಲ್‌ ಹೊತ್ತಿಗೆ ವೈರಸ್ಸಿನ ಬೇರೊಂದು ರೂಪದಿಂದ ಅಂಥದೇ ಅಲೆ ನಮ್ಮ ದೇಶದಲ್ಲೂ ಎದ್ದಿತು. ಪ್ರತಿಕಾಯ ಕರಗುತ್ತದೆ, ವೈರಸ್ ವೇಷ ಬದಲಿಸುತ್ತದೆ. ಲಸಿಕೆ ಬಂದ ಮೇಲೆ ಓದುವುದು ಮತ್ತಷ್ಟು ಕಷ್ಟವಾಯಿತು. ಕೋವಿಶೀಲ್ಡ್ ವೈರಸ್ಸಿನ ಹೊರಮೈಯ ಮುಳ್ಳಿನಂಥ ಪ್ರೋಟೀನಿಗೆ ಮಾತ್ರ ಪ್ರತಿಕಾಯ ಹುಟ್ಟಿಸುತ್ತದೆ; ಇಡೀ ವೈರಸ್ಸನ್ನೇ ನಿಷ್ಕ್ರಿಯಗೊಳಿಸಿ ಮಾಡಿದ ಕೋವ್ಯಾಕ್ಸಿನ್ ಒಳಗಿನ ಪ್ರೋಟೀನಿಗೂ ಹುಟ್ಟಿಸುವುದರಿಂದ, ಸೋಂಕು ಯಾವುದು ಲಸಿಕೆ ಯಾವುದು ಎಂದು ಬಿಡಿಸುವುದು ಸುಲಭವಲ್ಲ.

ಕರಾವಳಿಯಲ್ಲಿ ರಕ್ತದಾನ ಶಿಬಿರಗಳಿಗೆ ಬರವಿಲ್ಲ. ಯುವಕ ಮಂಡಲಗಳ ವಾರ್ಷಿಕೋತ್ಸವಕ್ಕೂ ಒಂದು ಶಿಬಿರ ಇದ್ದೇ ಇರುತ್ತದೆ. ದಾನಿಗಳ ಒಪ್ಪಿಗೆ ಪಡೆದು, ಹೆಸರು ಅಳಿಸಿ, ಪ್ರತಿ ತಿಂಗಳು ಕೆಲವು ನೂರು ಮಾದರಿಗಳನ್ನು ಪರೀಕ್ಷಿಸಿದರೆ, ಅಲೆ ಎದ್ದ ಮೇಲೆ ಅವಸರದಲ್ಲಿ ಸಮೀಕ್ಷೆ ಮಾಡುವ ಪಾಡು ತಪ್ಪುತ್ತದೆ. ದಾನಿಗಳು 18ರಿಂದ 65 ವರ್ಷದೊಳಗಿನ ಆರೋಗ್ಯವಂತರು, ಆದ್ದರಿಂದ ಮಕ್ಕಳೂ ವಯಸ್ಸಾದವರೂ ಅಲ್ಲಿ ಸಿಗುವುದಿಲ್ಲ. ಅವರಿಗಾಗಿ ಆಶಾ ಕಾರ್ಯಕರ್ತೆಯರ ಜೊತೆ ಮನೆ ಮನೆಗೆ ಹೋಗಲೇಬೇಕು.