ರಾಣಿ ಬೇಡ, ಮೊಟ್ಟೆ ಹುಡುಕಿ

ಹುಳ ತುಂಬಿದ ಜೇನು ಪೆಟ್ಟಿಗೆ ಕೊಂಡವರ ಫೋನ್ ಮೂರನೇ ದಿನಕ್ಕೇ ಬರುತ್ತದೆ. ‘ಸರ್, ರಾಣಿನೇ ಕಾಣ್ತಿಲ್ಲ.’ ಎಷ್ಟು ಸಲ ತೆಗೆದು ನೋಡಿದ್ರಿ ಅಂದರೆ, ‘ದಿನಾ ಬೆಳಗ್ಗೆ, ಸಂಜೆ’ ಅಂತಾರೆ. ಹೊಟ್ಟೆ ಉರಿಯುತ್ತದೆ ನನಗೆ.

ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ತುಡುವೆ ಜೇನು ಬಹಳ ಸೂಕ್ಷ್ಮ. ಕಿರಿಕಿರಿ ಜಾಸ್ತಿಯಾದರೆ ಮನೆ ಬಿಟ್ಟೇ ಹೋಗಬಹುದು. ಮರಿ ಇರುವ ಎರಿಯನ್ನು, ಅಂದರೆ ಮೇಣದ ಹಲ್ಲೆಯನ್ನು, ಹುಳಗಳು 34–35 ಡಿಗ್ರಿ ಶಾಖದಲ್ಲಿ ಕಾಪಾಡುತ್ತವೆ. ಮುಚ್ಚಳ ತೆಗೆದಾಗಲೆಲ್ಲ ಅದು ಕೆಡುತ್ತದೆ. ಮೊದಲ ವಾರ ಪೆಟ್ಟಿಗೆಯನ್ನು ನೆರಳಲ್ಲಿಟ್ಟು, ಸ್ಟ್ಯಾಂಡಿನ ಕಾಲಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು ಕೊಟ್ಟು, ಬಾಗಿಲು ನೋಡುತ್ತಾ ಕೂತರೆ ಸಾಕು. ಹಿಂಗಾಲಿಗೆ ಪರಾಗದ ಉಂಡೆ ಅಂಟಿಸಿಕೊಂಡು ಹುಳಗಳು ಒಳಗೆ ಹೋಗುತ್ತಿದ್ದರೆ ಸಾಮಾನ್ಯವಾಗಿ ಒಳಗೆ ಮರಿ ಇದೆ ಅಂತಲೇ ಅರ್ಥ. ಇಷ್ಟಕ್ಕೇ ಖಾತ್ರಿ ಅನ್ನಲಾರೆ.

ಖಾತ್ರಿ ಬೇಕಾದರೆ ವಾರದ ನಂತರ ಒಮ್ಮೆ ತೆರೆಯಿರಿ. ಆಗಲೂ ರಾಣಿಯನ್ನು ಹುಡುಕಬೇಡಿ. ಸೂರ್ಯ ಬೆನ್ನ ಹಿಂದಿರಲಿ, ಬೆಳಕು ಹೆಗಲ ಮೇಲಿಂದ ಎರಿಯ ಕೋಣೆಗಳ ತಳಕ್ಕೆ ಬೀಳಲಿ. ಬಿಳಿ ದಾರದ ಚೂರಿನಂಥ ಮೊಟ್ಟೆ, ಕೋಣೆಗೊಂದರಂತೆ, ತಳದಲ್ಲಿ ನಿಂತಿರುತ್ತದೆ. ಮೊಟ್ಟೆ ಸುಮಾರು ಮೂರು ದಿನಕ್ಕೆ ಒಡೆದು ಮರಿಯಾಗುತ್ತದೆ. ಹಾಗಾಗಿ ಮೊಟ್ಟೆ ಕಂಡರೆ ಕಳೆದ ಮೂರು ದಿನದೊಳಗೆ ರಾಣಿ ಅಲ್ಲಿ ಓಡಾಡಿದ್ದಾಳೆ. ಇನ್ನವಳ ಮುಖ ನೋಡಿ ಏನಾಗಬೇಕು? ಒಂದೇ ಕೋಣೆಯಲ್ಲಿ ನಾಲ್ಕೈದು ಮೊಟ್ಟೆ, ಅದೂ ಗೋಡೆಗೆ ಅಂಟಿಕೊಂಡಿದ್ದರೆ ಮಾತ್ರ ರಾಣಿ ಇಲ್ಲದೆ ಕೆಲಸಗಾರ ಹುಳಗಳೇ ಇಡುತ್ತಿವೆ ಅಂತ ಅನುಮಾನಿಸಿ. ಎಳೆ ರಾಣಿಯೂ ಒಮ್ಮೊಮ್ಮೆ ಎರಡೆರಡು ಇಡುತ್ತಾಳೆ. ಗಾಬರಿ ಬೀಳದೆ ಇನ್ನೊಂದು ವಾರ ಬಿಟ್ಟು ನೋಡಿ.

ಚನ್ನಗಿರಿ ಕಡೆ ಅಡಿಕೆ ತೋಟದ ಹಿರಿಯರೊಬ್ಬರು. ಏಪ್ರಿಲ್ ಬಿಸಿಲು. ರಾಣಿ ಹುಡುಕುತ್ತಾ ಎರಿ ಕಟ್ಟಿದ್ದ ಮರದ ಚೌಕಟ್ಟನ್ನು ತಟ್ಟೆ ಹಿಡಿದ ಹಾಗೆ ಅಡ್ಡ ಹಿಡಿದುಬಿಟ್ಟರು. ಶಾಖಕ್ಕೆ ಮೆತ್ತಗಾಗಿದ್ದ ಹೊಸ ಎರಿ ಜೇನು, ಮರಿ ಸಮೇತ ಕಿತ್ತು ಕಾಲಬುಡಕ್ಕೆ ಬಿತ್ತು. ನಾನು ಹೋಗುವಷ್ಟರಲ್ಲಿ ಹೆಗಲ ಟವೆಲ್ ನೆಲಕ್ಕೆ ಹಾಸಿ, ಜೇನಲ್ಲಿ ಒದ್ದೆಯಾದ ಹುಳಗಳನ್ನು ಹುಲ್ಲುಕಡ್ಡಿಯಿಂದ ಒಂದೊಂದೇ ಎತ್ತಿಡುತ್ತಿದ್ದರು. ಬೈಯಲು ಬಾಯಿ ಬರಲಿಲ್ಲ. ಅದರಲ್ಲೇ ರಾಣಿ ಸತ್ತು ಬಿದ್ದಿದ್ದಳು.

ಪುಣ್ಯಕ್ಕೆ ಉಳಿದ ಎರಿಗಳಲ್ಲಿ ಮೊಟ್ಟೆ, ಎಳೆ ಮರಿ ಇದ್ದವು. ರಾಣಿ ಸತ್ತರೆ ಹುಳಗಳು ಎಳೆ ಮರಿಗೇ ತಮ್ಮ ಮೈಯಲ್ಲೇ ಒಸರುವ ರಾಜಶಾಹಿ ರಸ (ರಾಯಲ್ ಜೆಲ್ಲಿ) ಉಣಿಸಿ ಹೊಸ ರಾಣಿ ಬೆಳೆಸುತ್ತವೆ. ಅವಳು ಹೊರಬರಬೇಕು, ಹೊರಗೆ ಹಾರಿ ಗಂಡು ಜೇನುಗಳ ಜೊತೆ ಕೂಡಿ ಬರಬೇಕು, ಆಮೇಲೆ ಮೊಟ್ಟೆ. ಹತ್ತಿರ ಹತ್ತಿರ ತಿಂಗಳಾಗುತ್ತದೆ. ಅಲ್ಲಿವರೆಗೂ ಮುಟ್ಟಲೇಬೇಡಿ ಅಂದೆ. ಅವರು ಮುಚ್ಚಳದ ಮೇಲೊಂದು ಕಲ್ಲಿಟ್ಟು, ಮೊಮ್ಮಗನಿಗೂ ತಾಕೀತು ಮಾಡಿದರು.

ಇಪ್ಪತ್ತೊಂಬತ್ತನೇ ದಿನ ಫೋನ್ ಬಂತು. ‘ನಿಂತಾವೆ ಸರ್, ಕೋಣೆಗೊಂದೊಂದು.’ ರಾಣಿ ಕಂಡಳಾ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.