ಜ್ವರ ಬಂದಾಗ ನಿಲ್ಲುವ ನಕಲು

ರೇಷ್ಮೆ ಹುಳು ಇನ್ನೂ ಮೊಟ್ಟೆಯಲ್ಲಿರುವಾಗಲೇ ಅದರ ರೇಷ್ಮೆ ಗ್ರಂಥಿಯ ಕೋಶಗಳ ಲೆಕ್ಕ ಮುಗಿದುಹೋಗಿರುತ್ತದೆ: ಒಂದೊಂದು ಗ್ರಂಥಿಗೆ ಸುಮಾರು ಸಾವಿರ. ಚಾಕಿಯಿಂದ, ಅಂದರೆ ಮರಿಹುಳುವಿನ ಹಂತದಿಂದ, ಹಣ್ಣಾಗುವ (ಗೂಡು ಕಟ್ಟಲು ಸಿದ್ಧವಾಗುವ) ತನಕ ಒಂದು ಕೋಶವೂ ಹೆಚ್ಚುವುದಿಲ್ಲ. ಆದರೂ ಕೊನೆಗೆ ಹುಳುವಿನ ತೂಕದಲ್ಲಿ ಶೇ. 40ರಷ್ಟು ಈ ಗ್ರಂಥಿಗಳದ್ದೇ. ಕೋಶ ಒಡೆಯದೆ ಒಳಗಿನ ಡಿಎನ್‌ಎ ಮಾತ್ರ 17ರಿಂದ 19 ಸಲ ಇಮ್ಮಡಿಯಾಗುತ್ತದೆ. 18 ಸಲ ಎಂದರೆ 2,62,144 ಪಟ್ಟು!

ಐದನೇ, ಅಂದರೆ ಕೊನೆಯ ಹಂತದ ಹುಳುವನ್ನು ಉಪ್ಪುನೀರಿನಲ್ಲಿ ಸೀಳಿದರೆ ಗಾಜಿನಂಥ ಕೊಳವೆಗಳು ಹೊರಬರುತ್ತವೆ. ಹಿಂಭಾಗದ ಕೊಳವೆಯ ಸುತ್ತಳತೆಗೆ ಎರಡೇ ಕೋಶ. ಡಿಎನ್‌ಎಗೆ ಬಣ್ಣ ಹಿಡಿಸಿ ನೋಡಿದರೆ ನ್ಯೂಕ್ಲಿಯಸ್ ದುಂಡಗಿಲ್ಲ, ಮರದ ಬೇರಿನ ಹಾಗೆ ಕವಲೊಡೆದು ಕೋಶದ ತುಂಬ ಹಬ್ಬಿದೆ. ಬೇಕಾದದ್ದು ರೇಷ್ಮೆ ಎಳೆಯ ಪ್ರೋಟೀನಾದ ಫೈಬ್ರೋಯಿನ್‌ನ ಜೀನ್ ತಾನೇ, ಅದೊಂದನ್ನೇ ನಕಲು ಮಾಡಿಕೊಂಡರೆ ಸಾಲದೆ? ವಿಜ್ಞಾನಿಗಳಾದ ಸುಜುಕಿ, ಬ್ರೌನ್ ಮತ್ತು ಸಂಗಡಿಗರು 1972ರಲ್ಲಿ ಎಣಿಸಿ ನೋಡಿದಾಗ ಹಾಗಿರಲಿಲ್ಲ. ಇಡೀ ಜೀನೋಮ್, ಅಂದರೆ ಎಲ್ಲ ಜೀನ್‌ಗಳಿರುವ ಪೂರ್ತಿ ಡಿಎನ್‌ಎ, ನಕಲಾಗುತ್ತದೆ. ದುಂದುವೆಚ್ಚವೆನಿಸಿದರೂ ವಿಧಾನ ಸರಳ.

ಈ ನಕಲಿಗೆ ಸಮಯ ಗೊತ್ತುಮಾಡುವುದು ಹಾರ್ಮೋನು. ರೈತರು ‘ಜ್ವರ’ ಎನ್ನುವ ಪೊರೆ ಬಿಡುವ ಹೊತ್ತಿನಲ್ಲಿ ರಕ್ತದಲ್ಲಿ ಪೊರೆ ಬಿಡಿಸುವ ಹಾರ್ಮೋನಾದ ಎಕ್ಡೈಸೋನ್ ಏರುತ್ತದೆ, ನಕಲು ನಿಲ್ಲುತ್ತದೆ. ಜ್ವರ ಎದ್ದು ಸೊಪ್ಪು ತಿನ್ನತೊಡಗಿದರೆ ಮತ್ತೆ ಶುರು. ಐದನೇ ಹಂತದ ಮೊದಲ ನಾಲ್ಕೈದು ದಿನ ಡಿಎನ್‌ಎ ಹೆಚ್ಚುತ್ತದೆ, ಆಮೇಲೆ ಗ್ರಂಥಿ ಪೂರ್ತಿ ಫೈಬ್ರೋಯಿನ್ ಕೆಲಸಕ್ಕೆ ಇಳಿಯುತ್ತದೆ. ಹೊಟ್ಟೆಗಿಲ್ಲದಿದ್ದರೆ ಇನ್ಸುಲಿನ್‌ನಂಥ ಹಾರ್ಮೋನುಗಳ ಸಂಕೇತ ತಗ್ಗಿ ನಕಲೂ ಕುಂಟುತ್ತದೆ. ನಾಲ್ಕನೇ ಜ್ವರ ಎದ್ದ ಮೇಲಿನ ದಿನಗಳಲ್ಲಿ ಸೊಪ್ಪಿಗೆ ಜಿಪುಣತನ ಮಾಡಬಾರದೆನ್ನುವುದು ಇದಕ್ಕೇ.

ಕೊನೆಯಲ್ಲಿ ಎಕ್ಡೈಸೋನ್ ಏರಿದಾಗಲೇ ಹುಳು ಹಣ್ಣಾಗುವುದು. ಹುಳುಗಳು ಒಟ್ಟಿಗೆ ಹಣ್ಣಾಗಲೆಂದು ಎಕ್ಡೈಸೋನ್ ಜಾತಿಯ ಸಸ್ಯಮೂಲದ ವಸ್ತುವಾದ ಎಕ್ಡಿಸ್ಟೆರಾಯ್ಡನ್ನು ಸೊಪ್ಪಿಗೆ ಸಿಂಪಡಿಸುವುದುಂಟು. ಒಂದಷ್ಟು ಹುಳು ತಾವಾಗಿಯೇ ಹಣ್ಣಾದ ಮೇಲೆ ಕೊಟ್ಟರೆ ಸರಿ. ಆತುರಪಟ್ಟರೆ ಗ್ರಂಥಿ ತುಂಬುವ ಮೊದಲೇ ಹುಳು ನೂಲಲು ಕೂರುತ್ತದೆ, ಗೂಡು ತೆಳುವಾಗುತ್ತದೆ. ಹಾರ್ಮೋನಿನ ಲೆಕ್ಕ ಇನ್ನೊಂದು ಕಡೆಗೂ ತಪ್ಪಬಹುದು. ಪಕ್ಕದ ಹೊಲಕ್ಕೆ ಹೊಡೆದ ಪೈರಿಪ್ರಾಕ್ಸಿಫೆನ್, ಅಂದರೆ ಹುಳುವನ್ನು ಹುಳುವಾಗಿಯೇ ಉಳಿಸುವ ಬಾಲಹಾರ್ಮೋನನ್ನು ಅನುಕರಿಸುವ ಕೀಟನಾಶಕ, ಗಾಳಿಯಲ್ಲಿ ಹಿಪ್ಪುನೇರಳೆಗೆ ತಾಗಿದರೆ ಎಕ್ಡೈಸೋನ್ ಏರುವುದು ತಡವಾಗುತ್ತದೆ. ಹುಳು ತಿನ್ನುತ್ತಲೇ ಇರುತ್ತದೆ, ದಪ್ಪಗಾಗುತ್ತದೆ, ಗೂಡು ಕಟ್ಟಿಸುವ ಚಂದ್ರಿಕೆಗೆ ಬಿಟ್ಟರೂ ಎಳೆ ಬಿಡುವುದಿಲ್ಲ.