ಬಾಗಿಲೇ ಇಲ್ಲದ ಹಂದಿ

1987ರ ಸುಮಾರಿಗೆ ಅಮೆರಿಕದ ಹಂದಿ ಸಾಕುವವರಿಗೆ ಒಂದು ವಿಚಿತ್ರ ಕಾಟ ಶುರುವಾಯಿತು. ದಿನ ತುಂಬುತ್ತಾ ಬಂದ ತಾಯಿ ಹಂದಿಗಳು ಕಂದು ಹಾಕುತ್ತಿದ್ದವು. ಕೆಲವು ಮರಿಗಳು ಹೊಟ್ಟೆಯಲ್ಲೇ ಸತ್ತು, ಒಣಗಿ ಕಪ್ಪಾಗಿ ಹೊರಬರುತ್ತಿದ್ದವು. ಬದುಕಿ ಹುಟ್ಟಿದವು ಉಸಿರಿಗೆ ಒದ್ದಾಡುತ್ತಿದ್ದವು. ಕಾರಣ ತಿಳಿಯದೆ ಜನ ಇದನ್ನು ‘ನಿಗೂಢ ರೋಗ’ ಎಂದೇ ಕರೆದರು. 1991ರಲ್ಲಿ ನೆದರ್ಲೆಂಡ್ಸ್‌ನಲ್ಲಿ ವೈರಸ್ ಪತ್ತೆಯಾಯಿತು. ರೋಗಕ್ಕೆ ಪಿಆರ್‌ಆರ್‌ಎಸ್ (ಹಂದಿಯ ಸಂತಾನೋತ್ಪತ್ತಿ ಮತ್ತು ಉಸಿರಾಟದ ರೋಗ) ಎಂಬ ಹೆಸರು ನಿಂತಿತು. ಭಾರತದಲ್ಲಿ ಇದು ಮೊದಲು ಕಾಣಿಸಿಕೊಂಡದ್ದು 2013ರಲ್ಲಿ, ಮಿಜೋರಾಂನಲ್ಲಿ.

ಈ ರೋಗ ತಡೆಯುವ ದಾರಿ ತೋರಿಸಿದವರಲ್ಲಿ ಒಬ್ಬರು ವೈರಸ್ ತಜ್ಞರೇ ಅಲ್ಲ. ಅಮೆರಿಕದ ರ‍್ಯಾಂಡಲ್ ಪ್ರೇಥರ್ ಓದಿದ್ದು, ದುಡಿದದ್ದು ಪ್ರಾಣಿಗಳ ಸಂತಾನೋತ್ಪತ್ತಿಯ ಬಗ್ಗೆ. ವಿಸ್ಕಾನ್ಸಿನ್‌ನಲ್ಲಿ ನೀಲ್ ಫಸ್ಟ್ ಅವರ ಲ್ಯಾಬ್‌ನಲ್ಲಿದ್ದಾಗ ಅವರು ಹಸುವಿನ ಭ್ರೂಣದ ಜೀವಕೋಶದಿಂದ ನ್ಯೂಕ್ಲಿಯಸ್ ತೆಗೆದು, ಖಾಲಿ ಮಾಡಿದ ಅಂಡದೊಳಗೆ ಇಟ್ಟು ಕರು ಹುಟ್ಟಿಸುವ ಕೆಲಸ ಮಾಡಿದರು. 1989ರಲ್ಲಿ ಅದೇ ವಿಧಾನ ಹಂದಿಯಲ್ಲೂ ಫಲಿಸಿತು. ಹುಟ್ಟಿದ್ದು ಒಂದೇ ಮರಿ. ಆಗಿನ್ನೂ ಕ್ಲೋನಿಂಗ್ ಅಂದರೆ ನೆನಪಾಗುವ ಡಾಲಿ ಕುರಿ ಹುಟ್ಟಿರಲಿಲ್ಲ.

ಒಂದೇ ಮರಿ ಅಂದರೆ ಕಡಿಮೆ ಅನಿಸಬಹುದು. ಆದರೆ ಹಂದಿಯ ಅಂಡದ ಜೊತೆ ಕೆಲಸ ಮಾಡುವುದೇ ತಲೆನೋವು. ಕಸಾಯಿಖಾನೆಯಿಂದ ಅಂಡಾಶಯ ತರಬೇಕು, ಅದರಿಂದ ಅಂಡಗಳನ್ನು ಹೀರಿ ತೆಗೆದು ಲ್ಯಾಬ್‌ನಲ್ಲಿ ಬಲಿಸಬೇಕು. ವೀರ್ಯಾಣು ಬಿಟ್ಟರೆ ಒಂದೇ ಅಂಡಕ್ಕೆ ಹಲವು ನುಗ್ಗುತ್ತವೆ, ಭ್ರೂಣ ಕೆಡುತ್ತದೆ. ಮೇಲಾಗಿ, ಗರ್ಭದಲ್ಲಿ ಸುಮಾರು ನಾಲ್ಕಾದರೂ ಜೀವಂತ ಭ್ರೂಣಗಳು ಇಲ್ಲದಿದ್ದರೆ ಹಂದಿಯ ಬಸಿರೇ ನಿಲ್ಲುವುದಿಲ್ಲ. ಹಸುವಿನ ಹಾಗೆ ಒಂದನ್ನು ಇಟ್ಟು ಕಾಯುವಂತಿಲ್ಲ. ಮಿಸೌರಿ ವಿಶ್ವವಿದ್ಯಾಲಯದಲ್ಲಿ ಪ್ರೇಥರ್ ವರ್ಷಗಟ್ಟಲೆ ಗುದ್ದಾಡಿದ್ದು ಇದರ ಜೊತೆಗೇ. ಪತ್ರಿಕೆಗಳಿಗೆ ಸುದ್ದಿಯಾಗುವಂಥ ಕೆಲಸ ಅಲ್ಲ ಅದು.

ಆ ಗುದ್ದಾಟದ ಫಲ 2002ರಲ್ಲಿ ಕಾಣಿಸಿತು. ಮನುಷ್ಯನ ದೇಹ ಹಂದಿಯ ಅಂಗವನ್ನು ತಕ್ಷಣ ತಿರಸ್ಕರಿಸಲು ಕಾರಣವಾಗುವ ಒಂದು ಜೀನ್ ಇದೆ. ಅದರ ಒಂದು ಪ್ರತಿಯನ್ನು ಕೆಡಿಸಿದ ಹಂದಿಮರಿಗಳು ಅವರ ತಂಡದಿಂದ ಬಂದವು. ಬೇಕಾದ ಜೀನ್ ಕೆಡಿಸಿ ಹಂದಿ ಹುಟ್ಟಿಸಬಹುದು ಎಂದಾದ ಮೇಲೆ ವೈರಸ್ಸಿನ ಕಡೆ ಯಾಕೆ ನೋಡಬಾರದು, ಅಲ್ವಾ?

ಪಿಆರ್‌ಆರ್‌ಎಸ್ ವೈರಸ್ ಸೇರಿಕೊಳ್ಳುವುದು ಮ್ಯಾಕ್ರೋಫೇಜ್ ಎಂಬ ಜೀವಕೋಶಗಳಲ್ಲಿ, ಅದರಲ್ಲೂ ಶ್ವಾಸಕೋಶದಲ್ಲಿ ಇರುವವುಗಳಲ್ಲಿ. ರೋಗಾಣುಗಳನ್ನು ನುಂಗಬೇಕಾದ ಕೋಶಗಳೇ ಇವು. ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ಲಸಿಕೆಗಳೂ ಅರ್ಧಂಬರ್ಧ ಕೆಲಸ ಮಾಡುತ್ತವೆ. ಹಾಗಾದರೆ ಅದು ಒಳಹೋಗುವ ಬಾಗಿಲನ್ನೇ ತೆಗೆದುಹಾಕಿದರೆ? ಆ ಬಾಗಿಲು ಸಿಯಾಲೊಅಡ್ಹೀಸಿನ್ ಎಂಬ ಪ್ರೋಟೀನ್ ಎಂದು ಹಲವರು ನಂಬಿದ್ದರು. ಪ್ರೇಥರ್ ಮತ್ತು ಜೊತೆಗಾರರು ಅದಿಲ್ಲದ ಹಂದಿಗಳನ್ನು ಹುಟ್ಟಿಸಿ ವೈರಸ್ ಕೊಟ್ಟರು. ಹಂದಿಗಳಿಗೆ ಮಾಮೂಲಿನಂತೆ ಸೋಂಕು ತಗುಲಿತು. 2013ರಲ್ಲಿ ಆ ಸೋಲನ್ನೂ ಪ್ರಕಟಿಸಿದರು. ಮುಂದಿನ ಗೆಲುವಿಗಿಂತ ಇದೇ ನನಗೆ ಜಾಸ್ತಿ ಇಷ್ಟ. ಗಾಜಿನ ತಟ್ಟೆಯಲ್ಲಿ ಸರಿ ಕಂಡ ಊಹೆಯನ್ನು ಇಡೀ ಪ್ರಾಣಿಯ ಮೇಲೆ ಪರೀಕ್ಷಿಸಿ, ತಪ್ಪು ಎಂದು ತೋರಿಸಲು ಹಂದಿ ಹುಟ್ಟಿಸುವ ಕೌಶಲವೇ ಬೇಕಿತ್ತು.

ಬಾಗಿಲು ಇದಿರಬಹುದು ಎಂದು ಅನುಮಾನಿಸಲು ಉಳಿದದ್ದು ಸಿಡಿ163 ಎಂಬ ಇನ್ನೊಂದು ಪ್ರೋಟೀನ್. ಒಡೆದ ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್ ಅನ್ನು ಹಿಡಿದು ಒಳಗೆಳೆದುಕೊಳ್ಳುವುದು ಈ ಪ್ರೋಟೀನಿನ ಕೆಲಸ. ಅಷ್ಟರಲ್ಲಿ ಕ್ರಿಸ್ಪರ್ ಎಂಬ ಹೊಸ ತಂತ್ರ ಬಂದಿತ್ತು, ಜೀನ್ ಕತ್ತರಿಸುವುದು ಸುಲಭವಾಗಿತ್ತು. ಸಿಡಿ163 ಇಲ್ಲದ ಮರಿಗಳನ್ನು ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಅಲ್ಲಿ ರೇಮಂಡ್ ರೋಲಂಡ್ ತಂಡ ಅವನ್ನು ಮಾಮೂಲಿ ಹಂದಿಗಳ ಜೊತೆ ಒಂದೇ ದೊಡ್ಡಿಗೆ ಬಿಟ್ಟು ವೈರಸ್ ಕೊಟ್ಟಿತು. ಮಾಮೂಲಿ ಹಂದಿಗಳಿಗೆ ಜ್ವರ, ಕೆಮ್ಮು ಬಂತು. ಪಕ್ಕದಲ್ಲೇ ತಿಂದುಕೊಂಡಿದ್ದ ಇವುಗಳ ರಕ್ತದಲ್ಲಿ ವೈರಸ್ಸೂ ಇಲ್ಲ, ಅದರ ವಿರುದ್ಧದ ಪ್ರತಿಕಾಯವೂ ಇಲ್ಲ. ಅಂದರೆ ಸೋಂಕೇ ಆಗಿರಲಿಲ್ಲ. ಈ ಫಲಿತಾಂಶ ಹೊರಬಂದದ್ದು 2015ರ ಡಿಸೆಂಬರ್‌ನಲ್ಲಿ.

2017ರ ಪ್ರಯೋಗಕ್ಕೆ ಇಷ್ಟು ಪ್ರಚಾರ ಸಿಗಲಿಲ್ಲ. ಸಿಡಿ163 ಇಲ್ಲದ ತಾಯಿ ಹಂದಿಗೆ ಮಾಮೂಲಿ ಗಂಡಿನಿಂದ ಬಸಿರು ಮಾಡಿಸಿದರು. ಹೊಟ್ಟೆಯಲ್ಲಿದ್ದ ಮರಿಗಳಿಗೆ ತಂದೆಯಿಂದ ಬಂದ ಒಳ್ಳೆಯ ಜೀನ್ ಇತ್ತು, ಹಾಗಾಗಿ ಅವಕ್ಕೆ ಸೋಂಕು ತಗುಲಬಹುದಿತ್ತು. ತಾಯಿಗೆ ವೈರಸ್ ಕೊಟ್ಟರೂ ಮರಿಗಳಿಗೆ ಏನೂ ಆಗಲಿಲ್ಲ. ತಾಯಿಯೊಳಗೆ ಬೆಳೆಯಲಾಗದ ವೈರಸ್ ಗರ್ಭದವರೆಗೆ ಹೋಗುವುದಾದರೂ ಹೇಗೆ? ಕಂದು ಹಾಕುವುದೇ ದೊಡ್ಡ ನಷ್ಟವಾದ ರೋಗದಲ್ಲಿ ಇದು ಸಣ್ಣ ಮಾತಲ್ಲ.

2025ರ ಏಪ್ರಿಲ್‌ನಲ್ಲಿ ಅಮೆರಿಕದ ಆಹಾರ, ಔಷಧಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಪಿಐಸಿ ಎಂಬ ತಳಿ ಕಂಪನಿಯ ಇಂಥ ಹಂದಿಗಳಿಗೆ ಒಪ್ಪಿಗೆ ಕೊಟ್ಟಿತು. ಹಾಗಂತ ಹಂದಿ ಸಾಕುವವರ ಎಲ್ಲ ಚಿಂತೆಯೂ ಮುಗಿಯಲಿಲ್ಲ. 2020ರಿಂದ ಅಸ್ಸಾಂ ಮತ್ತು ಸುತ್ತಲಿನ ರಾಜ್ಯಗಳಲ್ಲಿ ದೊಡ್ಡಿಗಳನ್ನು ಖಾಲಿ ಮಾಡುತ್ತಿರುವುದು ಆಫ್ರಿಕನ್ ಹಂದಿಜ್ವರ, ಅದು ಬೇರೆಯೇ ವೈರಸ್. ಸಿಡಿ163 ಇಲ್ಲದ ಹಂದಿಗಳಿಗೆ ಅದನ್ನೂ ಕೊಟ್ಟು ನೋಡಿದ್ದಾರೆ. ಅವುಗಳಿಗೂ ರೋಗ ಬಂತು.